ಗೋಧಿಯಿಲ್ಲದ ಕಿತ್ತಳೆ ಕೇಕ್

ಪ್ರಶ್ನೆ: ಮಗಳಿಗೆ ಸೀಲಿಯಾಕ್ ಕಾಯಿಲೆ (ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ಕರುಳಿಗೆ ಹಾನಿ ಮಾಡುವ ಕಾಯಿಲೆ) ಇರುವುದರಿಂದ ಮೈದಾದ ಬದಲು ಅಕ್ಕಿಹಿಟ್ಟು ಹಾಕಿ ಕಿತ್ತಳೆ ಕೇಕ್ ಮಾಡಿದೆ. ಕತ್ತರಿಸುವಾಗಲೇ ಅದು ಪುಡಿಯಾಯಿತು. ಪರಿಹಾರವೇನು?
– ಓದುಗರೊಬ್ಬರು, ಉಡುಪಿ

ಉತ್ತರ: ಮೈದಾದಲ್ಲಿ ಹಿಟ್ಟನ್ನು ಹಿಡಿದಿಡುವುದು ಗ್ಲುಟನ್, ಅದು ಅಕ್ಕಿಹಿಟ್ಟಿನಲ್ಲಿ ಇಲ್ಲದ್ದರಿಂದ ಕೇಕ್ ಒಣಗಿ ಉದುರುತ್ತದೆ. ಬಾದಾಮಿ ಪುಡಿಯನ್ನು ಬಳಸಿ ನೋಡಿ, ಅದರ ಎಣ್ಣೆಯಂಶ ಕೇಕನ್ನು ಮೆತ್ತಗಿಡುತ್ತದೆ, ಮೊಟ್ಟೆ ಅದನ್ನು ಬಂಧಿಸುತ್ತದೆ. ಸುಮಾರು 375 ಗ್ರಾಂ ಕಿತ್ತಳೆಯನ್ನು ಸಿಪ್ಪೆಸಹಿತ 2 ಗಂಟೆ ನೀರಿನಲ್ಲಿ ಬೇಯಿಸಿ, ಆರಿದ ಮೇಲೆ ಬೀಜಗಳನ್ನೆಲ್ಲ ತೆಗೆದು, ಸಿಪ್ಪೆಯೊಂದಿಗೇ ನುಣ್ಣಗೆ ರುಬ್ಬಿಕೊಳ್ಳಿ. ಈ ದೀರ್ಘ ಬೇಯುವಿಕೆಯೇ ಸಿಪ್ಪೆಯ ಕಹಿಯನ್ನು ತಗ್ಗಿಸುವುದರಿಂದ ಇಲ್ಲಿ ಅವಸರ ಸಲ್ಲದು. 6 ಮೊಟ್ಟೆಗಳನ್ನು ಕದಡಿ, 250 ಗ್ರಾಂ ಸಕ್ಕರೆ, 250 ಗ್ರಾಂ ಬಾದಾಮಿ ಪುಡಿ, 1 ಟೀ ಚಮಚ ಬೇಕಿಂಗ್ ಪೌಡರ್ ಮತ್ತು ರುಬ್ಬಿದ ಕಿತ್ತಳೆಯನ್ನು ಬೆರೆಸಿ, 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಒಂದು ಗಂಟೆ ಬೇಯಿಸಿ. ಮೇಲ್ಭಾಗ ಬೇಗ ಕಂದಿದರೆ ಫಾಯಿಲ್ ಮುಚ್ಚಿ. ಪಾತ್ರೆಯಲ್ಲೇ ಪೂರ್ಣ ಆರುವವರೆಗೆ ಕತ್ತರಿಸಬೇಡಿ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ರವೆಯೂ ಗೋಧಿಯದ್ದೇ, ಕೆಲವು ಬೇಕಿಂಗ್ ಪೌಡರ್‌ಗಳಲ್ಲಿಯೂ ಗೋಧಿಯ ಪಿಷ್ಟ ಇರಬಹುದು. ಗೋಧಿ ಬೀಸಿದ ಮಿಲ್ಲಿನಲ್ಲೇ ಬೀಸಿದ ಅಕ್ಕಿಹಿಟ್ಟು ಮತ್ತು ಮೈದಾ ಜರಡಿ ಹಿಡಿದ ಜರಡಿ ನಿಮ್ಮ ಮಗಳಿಗೆ ಸುರಕ್ಷಿತವಲ್ಲ. ಬಾದಾಮಿಯನ್ನು ಮನೆಯಲ್ಲೇ ಪುಡಿಮಾಡಿಕೊಳ್ಳಿ. ಕರಾವಳಿಯ ಸೆಕೆಯಲ್ಲಿ ಈ ತೇವದ ಕೇಕ್ ಬೇಗ ಬೂಷ್ಟು ಹಿಡಿಯುವುದರಿಂದ ಫ್ರಿಜ್ಜಿನಲ್ಲಿಡಿ.