ಒಟ್ಟಾವಾದ ಹಿಮದಲ್ಲಿ ಹಿಂಬದಿ ಚಕ್ರ ಚಾಲನೆಯ ಬಿಎಂಡಬ್ಲ್ಯು: ಕೊಳ್ಳಬಹುದೇ?

ನೀವು ಕೇಳಿರುವುದು ಇಷ್ಟು: ಬೆಂಗಳೂರಿನಿಂದ ಒಟ್ಟಾವಾಕ್ಕೆ ಬಂದು ಕೆಲವೇ ತಿಂಗಳಾಗಿದೆ, ನಗರದ ಹೊರವಲಯದ ಕನಾಟಾದಲ್ಲಿ ಕೆಲಸ. ಚೆನ್ನಾಗಿ ನೋಡಿಕೊಂಡಿರುವ ಹಳೆಯ ಬಿಎಂಡಬ್ಲ್ಯು 5 ಸೀರೀಸ್ ಒಳ್ಳೆಯ ಬೆಲೆಗೆ ಸಿಗುತ್ತಿದೆ. ಆದರೆ ಅದು ಹಿಂಬದಿ ಚಕ್ರಗಳಿಂದ ಓಡುವ ಕಾರು. 'ಚಳಿಗಾಲದಲ್ಲಿ ಅದು ನಿಮ್ಮ ಮನೆಯಂಗಳವನ್ನೂ ದಾಟುವುದಿಲ್ಲ, ನಾಲ್ಕು ಚಕ್ರ ಚಾಲನೆಯದನ್ನೇ ಕೊಳ್ಳಿ' ಎಂದು ಕಚೇರಿಯಲ್ಲಿ ಎಲ್ಲರೂ ಹೆದರಿಸುತ್ತಿದ್ದಾರೆ. ಕೊಳ್ಳಬೇಕೇ, ಬಿಡಬೇಕೇ?

ಕೊಳ್ಳಿ. ಆದರೆ ಕಾರಿನ ಬೆಲೆಗೆ ನಾಲ್ಕು ಚಳಿಗಾಲದ ಟೈರುಗಳ ಬೆಲೆಯನ್ನು ಇವತ್ತೇ ಸೇರಿಸಿ ಲೆಕ್ಕ ಹಾಕಿ. ಆ ಮೊತ್ತ ಕೈ ಮೀರುವುದಾದರೆ ಕಾರನ್ನು ಬಿಟ್ಟುಬಿಡಿ. 'ಈ ವರ್ಷ ಕಾರು, ಮುಂದಿನ ವರ್ಷ ಟೈರು' ಎಂಬ ಮಧ್ಯದ ದಾರಿಯನ್ನು ಮಾತ್ರ ದಯವಿಟ್ಟು ಹಿಡಿಯಬೇಡಿ. ನಾನು ಆ ದಾರಿಯನ್ನು ಹಿಡಿದವನು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನನ್ನದು ಬಿಎಂಡಬ್ಲ್ಯು 323ಐ. ಅಮೆರಿಕದಲ್ಲಿ ಆ ತಲೆಮಾರಿನ ಕಾರನ್ನು ಈ ಹೆಸರಿನಲ್ಲಿ ಮಾರಲಿಲ್ಲ, ಕೆನಡಾದಲ್ಲಿ ಮಾರಿದರು. ಎರಡೂವರೆ ಲೀಟರಿನ, ಆರು ಸಿಲಿಂಡರಿನ ಎಂಜಿನ್, ಚಾಲನೆ ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಏಳು ಚಳಿಗಾಲ ಅದನ್ನೇ ಓಡಿಸಿದೆ. ಕೊಂಡಾಗ ಮಾರಿದವರು 'ಆಲ್ ಸೀಸನ್ ಟೈರುಗಳಿವೆ, ಎಲ್ಲ ಕಾಲಕ್ಕೂ ನಡೆಯುತ್ತವೆ' ಎಂದರು. ನಾನು ನಂಬಿದೆ. ನವೆಂಬರಿನ ಮೊದಲ ಹಿಮ ಬಿದ್ದ ಸಂಜೆ, ನಾಲ್ಕೈದು ಸೆಂಟಿಮೀಟರಿಗಿಂತ ಹೆಚ್ಚಿರಲಿಲ್ಲ, 417ನೇ ಹೆದ್ದಾರಿಯಿಂದ ಕನಾಟಾ ಕಡೆಗೆ ಇಳಿಯುವ ತಿರುವಿನಲ್ಲಿ ಕಾರಿನ ಹಿಂಭಾಗ ಎಡಕ್ಕೆ ಸರಿಯತೊಡಗಿತು. ಹೆಂಡತಿ ಪಕ್ಕದಲ್ಲಿದ್ದಳು, ಮೂರು ವರ್ಷದ ಮಗಳು ಹಿಂದೆ ನಿದ್ದೆ ಮಾಡುತ್ತಿದ್ದಳು. ಗಾಬರಿಯಲ್ಲಿ ಆಕ್ಸಿಲರೇಟರಿನಿಂದ ಕಾಲನ್ನು ಥಟ್ಟನೆ ಎತ್ತಿ ಬ್ರೇಕ್ ಮೇಲೆ ಇಟ್ಟೆ. ಕಾರು ಅರ್ಧ ಸುತ್ತು ತಿರುಗಿ, ನಾವು ಬಂದ ದಾರಿಯತ್ತಲೇ ಮುಖ ಮಾಡಿ ನಿಂತಿತು. ಹಿಂದೆ ಇನ್ನೊಂದು ವಾಹನ ಬರುತ್ತಿರಲಿಲ್ಲ. ಮಗಳಿಗೆ ಎಚ್ಚರವೇ ಆಗಲಿಲ್ಲ. ನನ್ನ ಕೈ ನಡುಗುವುದು ನಿಲ್ಲಲು ಬಹಳ ಹೊತ್ತು ಬೇಕಾಯಿತು.

ಅಂದು ನನ್ನ ಸಹೋದ್ಯೋಗಿಗಳೂ ನಿಮ್ಮವರ ಹಾಗೆಯೇ ಹಿಂಬದಿ ಚಾಲನೆಯನ್ನು ದೂರಿದರು. ಆಮೇಲೆ ಕೂತು ಯೋಚಿಸಿದಾಗ ತಪ್ಪು ಎರಡು ಕಡೆ ಕಂಡಿತು, ಒಂದು ಟೈರಿನಲ್ಲಿ, ಇನ್ನೊಂದು ನನ್ನ ಕಾಲಿನಲ್ಲಿ.

ಟೈರಿನ ವಿಷಯವೇ ದೊಡ್ಡದು. ಸಾಮಾನ್ಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಗಟ್ಟಿಯಾದ ರಬ್ಬರು ರಸ್ತೆಯ ಸಣ್ಣ ಉಬ್ಬುತಗ್ಗುಗಳನ್ನು ಅಪ್ಪಿಕೊಳ್ಳಲಾರದು. ಚಳಿಗಾಲದ ಟೈರಿನ ರಬ್ಬರು ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿದರೂ ಮೆತ್ತಗೇ ಇರುತ್ತದೆ. ಅದರ ಮೇಲ್ಮೈಯ ರಬ್ಬರು ತುಂಡುಗಳಲ್ಲಿರುವ ನೂರಾರು ತೆಳು ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಚಿಹ್ನೆಯನ್ನು ಹುಡುಕಿ. 'ಎಂ+ಎಸ್' (ಕೆಸರು ಮತ್ತು ಹಿಮ) ಎಂದು ಬರೆದಿದ್ದರೆ ಸಾಕಾಗುವುದಿಲ್ಲ, ಅದು ಟೈರಿನ ಮೇಲಿನ ಗೀರುಗಳ ಮಾದರಿಯನ್ನು ಹೇಳುತ್ತದೆಯೇ ಹೊರತು ಹಿಮದ ಪರೀಕ್ಷೆಯಲ್ಲಿ ಪಾಸಾಗಿದೆ ಎಂದಲ್ಲ. ನನ್ನ ಹಳೆಯ ಟೈರಿನ ಮೇಲೆ ಎಂ+ಎಸ್ ಇತ್ತು.

ಒಂಟಾರಿಯೋದಲ್ಲಿ ಚಳಿಗಾಲದ ಟೈರು ಕಡ್ಡಾಯವಲ್ಲ. ಒಟ್ಟಾವಾ ನದಿಯ ಸೇತುವೆ ದಾಟಿ ಗಾಟಿನೋಗೆ ಹೋದರೆ ಅದು ಕ್ವಿಬೆಕ್, ಅಲ್ಲಿ ನೋಂದಣಿಯಾದ ಕಾರುಗಳಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾನೂನೇ ಇದೆ. ಒಂದೇ ನದಿ, ಎರಡೂ ದಡದಲ್ಲಿ ಒಂದೇ ಹಿಮ. ಕಾನೂನು ಕೇಳುವುದಿಲ್ಲ ಎಂಬ ಕಾರಣಕ್ಕೆ ಈ ದಡದ ರಸ್ತೆ ಕಡಿಮೆ ಜಾರುವುದಿಲ್ಲ. ಒಂಟಾರಿಯೋದ ವಿಮಾ ಕಂಪನಿಗಳು 2016ರ ಜನವರಿಯಿಂದ ಚಳಿಗಾಲದ ಟೈರಿಗೆ ರಿಯಾಯಿತಿ ಕೊಡಲೇಬೇಕು, ಮರೆಯದೆ ಕೇಳಿ ಪಡೆಯಿರಿ.

ನಾಲ್ಕೂ ಚಕ್ರಗಳಿಗೆ ಹಾಕಿಸಿ. 'ಎಂಜಿನ್ ತಿರುಗಿಸುವುದು ಹಿಂದಿನ ಎರಡನ್ನು, ಅವಕ್ಕೆ ಮಾತ್ರ ಸಾಕು' ಎಂದು ಉಳಿಸಲು ಹೋಗಬೇಡಿ. ಹಾಗೆ ಮಾಡಿದರೆ ಕಾರು ಹೊರಡುತ್ತದೆ, ಆದರೆ ತಿರುಗಿಸಬೇಕಾದ, ಬ್ರೇಕಿನ ಹೆಚ್ಚಿನ ಭಾರ ಹೊರಬೇಕಾದ ಮುಂದಿನ ಚಕ್ರಗಳು ಗಟ್ಟಿ ರಬ್ಬರಿನ ಮೇಲೆಯೇ ಉಳಿಯುತ್ತವೆ. ಇನ್ನೊಂದು ಮಾತು. ಐಷಾರಾಮಿ ಕಾರುಗಳಲ್ಲಿ ಹಲವಕ್ಕೆ ಹಿಂದೆ ಅಗಲವಾದ, ಮುಂದೆ ಸ್ವಲ್ಪ ಸಣ್ಣ ಟೈರು ಇರುತ್ತದೆ. ನೋಡಲು ಅಂದ, ಹಿಮದಲ್ಲಿ ತೊಂದರೆ. ಅಗಲವಾದ ಟೈರು ಹಿಮದ ಮೇಲೆ ತೇಲುತ್ತದೆ, ಕಿರಿದಾದದ್ದು ಹಿಮವನ್ನು ಕೊಯ್ದು ಕೆಳಗಿನ ನೆಲವನ್ನು ಮುಟ್ಟುತ್ತದೆ. ಕಾರಿನ ಬ್ರೇಕಿಗೆ ಅಡ್ಡವಾಗದಂತೆ ಒಂದಂಗುಲ ಸಣ್ಣ ರಿಮ್ಮು, ನಾಲ್ಕಕ್ಕೂ ಒಂದೇ ಅಳತೆ, ಅದು ಚಳಿಗಾಲದ ಜೋಡಣೆ. ನನ್ನ ಕಾರಿಗೆ 205 ಮಿಲಿಮೀಟರ್ ಅಗಲದ, 16 ಅಂಗುಲದ ಟೈರು ಹಾಕಿದ್ದೆ. ರಿಮ್ಮು ಸಮೇತ ಪ್ರತ್ಯೇಕ ಸೆಟ್ ಇಟ್ಟುಕೊಂಡರೆ ವರ್ಷಕ್ಕೆರಡು ಬಾರಿ ಬದಲಿಸುವುದು ಸುಲಭ, ಬೇಸಿಗೆಯ ಟೈರಿನ ಆಯಸ್ಸೂ ಉಳಿಯುತ್ತದೆ.

ಈಗ ನಿಮ್ಮ ಸಹೋದ್ಯೋಗಿಗಳು ಹೇಳುವ ನಾಲ್ಕು ಚಕ್ರ ಚಾಲನೆಯ ಮಾತಿಗೆ ಬರೋಣ. ಅದು ಹೊರಡಲು ನೆರವಾಗುತ್ತದೆ, ನಿಜ. ನಿಲ್ಲಲು ನೆರವಾಗುವುದಿಲ್ಲ, ಏಕೆಂದರೆ ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಲೆಕ್ಕ ನೋಡಿ: ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಒಣ ಡಾಂಬರಿನ ಮೇಲೆ ಘರ್ಷಣೆಯ ಗುಣಾಂಕ 0.8 ಎಂದಿಟ್ಟುಕೊಂಡರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಸುಮಾರು 12 ಮೀಟರ್ ಸಾಕು. ಒತ್ತಿದ ಹಿಮದ ಮೇಲೆ ಗುಣಾಂಕ 0.25ಕ್ಕೆ ಇಳಿದರೆ ಅದೇ ಕಾರಿಗೆ 39 ಮೀಟರ್ ಬೇಕು. ಮಂಜುಗಡ್ಡೆಯ ಮೇಲೆ 0.1 ಆದರೆ 98 ಮೀಟರ್. ಈ ಲೆಕ್ಕದಲ್ಲಿ ಎಂಜಿನ್ ಯಾವ ಚಕ್ರವನ್ನು ತಿರುಗಿಸುತ್ತದೆ ಎಂಬುದಕ್ಕೆ ಜಾಗವೇ ಇಲ್ಲ, ರಬ್ಬರು ಮತ್ತು ವೇಗಕ್ಕೆ ಮಾತ್ರ ಇದೆ. ವೇಗವನ್ನು 30ಕ್ಕೆ ಇಳಿಸಿದರೆ ಆ 98 ಮೀಟರು 35 ಆಗುತ್ತದೆ. ಹಿಮ ಬಿದ್ದ ಬೆಳಗ್ಗೆ ಹೆದ್ದಾರಿಯ ಪಕ್ಕದ ಹಳ್ಳದಲ್ಲಿ ದೊಡ್ಡ ದೊಡ್ಡ ನಾಲ್ಕು ಚಕ್ರ ಚಾಲನೆಯ ಗಾಡಿಗಳನ್ನು ನೀವೇ ನೋಡುತ್ತೀರಿ. ಸಲೀಸಾಗಿ ಹೊರಟದ್ದರಿಂದ ರಸ್ತೆ ಚೆನ್ನಾಗಿದೆ ಎಂದು ಅವರಿಗೆ ಅನ್ನಿಸಿರುತ್ತದೆ. ಹಿಂಬದಿ ಚಾಲನೆಯ ಕಾರು ಮನೆಯ ಮುಂದಿನ ಮೊದಲ ಹತ್ತು ಅಡಿಯಲ್ಲೇ ರಸ್ತೆ ಹೇಗಿದೆ ಎಂದು ತಿಳಿಸಿಬಿಡುತ್ತದೆ. ಇದನ್ನು ನಾನು ಅದರ ಗುಣ ಎಂದೇ ಎಣಿಸುತ್ತೇನೆ. ಸ್ವೀಡನ್ನಿನಲ್ಲಿ 1974ರಿಂದ 1993ರವರೆಗೆ ತಯಾರಾದ ವೋಲ್ವೋ 240 ಹಿಂಬದಿ ಚಾಲನೆಯದೇ, ಅಲ್ಲಿನ ಸಂಸಾರಗಳು ಅದರಲ್ಲೇ ಚಳಿಗಾಲಗಳನ್ನು ಕಳೆದವು.

ಎರಡನೆಯ ತಪ್ಪು ನನ್ನ ಕಾಲಿನದು ಎಂದೆ. ಅದನ್ನು ತಿಳಿದುಕೊಳ್ಳಲು ನನಗೆ ನೆರವಾದದ್ದು ತೀರ್ಥಹಳ್ಳಿಯ ಮಳೆಗಾಲ. ನಾನು ಡ್ರೈವಿಂಗ್ ಕಲಿತದ್ದು ಅಪ್ಪನ ಅಂಬಾಸಡರ್‌ನಲ್ಲಿ. ಅದೂ ಹಿಂಬದಿ ಚಕ್ರಗಳ ಕಾರೇ. ತೋಟದ ಕೆಸರು ದಾರಿಯಲ್ಲಿ ಏರು ಹತ್ತುವಾಗ ಅದರ ಹಿಂಭಾಗ ಬಾಲದ ಹಾಗೆ ಆಚೀಚೆ ಬೀಸುತ್ತಿತ್ತು. ಅಪ್ಪ ಎಂದೂ ಬ್ರೇಕು ಮುಟ್ಟುತ್ತಿರಲಿಲ್ಲ, ಆಕ್ಸಿಲರೇಟರನ್ನು ಪೂರ್ತಿ ಬಿಡುತ್ತಲೂ ಇರಲಿಲ್ಲ. 'ಹೋಗಬೇಕಾದ ಕಡೆ ನೋಡು, ಕೈ ತಾನಾಗಿ ಆ ಕಡೆ ತಿರುಗುತ್ತದೆ' ಎನ್ನುತ್ತಿದ್ದರು. ಮುಂದೆ ಎಂಟು ವರ್ಷ ಬೆಂಗಳೂರಿನಲ್ಲಿ ಮುಂಬದಿ ಚಾಲನೆಯ ಸಣ್ಣ ಕಾರುಗಳನ್ನು ಓಡಿಸಿ ಆ ಪಾಠ ಕಾಲಿನಿಂದ ಮರೆತುಹೋಗಿತ್ತು.

ಒಳಗೆ ನಡೆಯುವುದು ಇಷ್ಟು. ಟೈರಿಗೆ ಒಟ್ಟು ಹಿಡಿತ ಒಂದೇ, ಅದನ್ನು ಓಡಲು, ತಿರುಗಲು, ನಿಲ್ಲಲು ಹಂಚಿಕೊಳ್ಳಬೇಕು. ಮುಂಬದಿ ಚಾಲನೆಯಲ್ಲಿ ಮುಂದಿನ ಎರಡೇ ಟೈರುಗಳು ಎಳೆಯುವುದು ಮತ್ತು ತಿರುಗುವುದು ಎರಡನ್ನೂ ಮಾಡುತ್ತವೆ. ಜಾರಿದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ನೇರವಾಗಿ ಹೋಗುತ್ತದೆ. ಹಿಂಬದಿ ಚಾಲನೆಯಲ್ಲಿ ಹಿಂದಿನ ಚಕ್ರ ಜಾರಿದರೂ ಮುಂದಿನ ಚಕ್ರಗಳು ನಿಮ್ಮ ಕೈ ಮಾತು ಕೇಳುತ್ತಲೇ ಇರುತ್ತವೆ. ಆದರೆ ಥಟ್ಟನೆ ಕಾಲು ಎತ್ತಿದರೆ ಭಾರ ಮುಂದಕ್ಕೆ ಹೋಗಿ ಹಿಂಭಾಗ ಹಗುರಾಗುತ್ತದೆ, ಜೊತೆಗೆ ಎಂಜಿನ್ನಿನ ತಡೆಯೆಲ್ಲ ಹಿಂದಿನ ಚಕ್ರಗಳ ಮೇಲೇ ಬೀಳುತ್ತದೆ. ಇದ್ದ ಕೊಂಚ ಹಿಡಿತವೂ ಹೋಗುತ್ತದೆ. ಆ ತಿರುವಿನಲ್ಲಿ ನಾನು ಮಾಡಿದ್ದು ಇದನ್ನೇ. ಮಾಡಬೇಕಾದದ್ದು: ಕಾಲನ್ನು ನಿಧಾನವಾಗಿ ಸಡಿಲಿಸಿ, ಹೋಗಬೇಕಾದ ಕಡೆ ನೋಡುತ್ತಾ ಸ್ಟೀರಿಂಗನ್ನು ಆ ಕಡೆಗೇ ತಿರುಗಿಸಿ, ಹಿಂಭಾಗ ಸರಿದಾರಿಗೆ ಬಂದ ಕ್ಷಣ ಸ್ಟೀರಿಂಗನ್ನು ನೇರ ಮಾಡುವುದು. ಈ ಕೊನೆಯದನ್ನು ತಡ ಮಾಡಿದರೆ ಬಾಲ ಇನ್ನೊಂದು ಕಡೆಗೆ ಬೀಸುತ್ತದೆ. ಇಳಿಜಾರಿನಲ್ಲಿ ಗೇರನ್ನು ಒಮ್ಮೆಲೇ ಇಳಿಸುವುದೂ ಥಟ್ಟನೆ ಕಾಲು ಎತ್ತಿದಂತೆಯೇ. ಹಿಮದಲ್ಲಿ ಕ್ರೂಸ್ ಕಂಟ್ರೋಲ್ ಬೇಡವೇ ಬೇಡ.

ಇದನ್ನು ಓದಿ ಕಲಿಯಲಾಗದು. ಹೊಸ ಟೈರು ಹಾಕಿಸಿದ ಮೇಲೆ ಒಂದು ಭಾನುವಾರ ಬೆಳಗ್ಗೆ, ಮಾಲೀಕರ ಅನುಮತಿ ಕೇಳಿ, ದೀಪದ ಕಂಬಗಳಿಲ್ಲದ ಖಾಲಿ ಪಾರ್ಕಿಂಗ್ ಮೈದಾನದಲ್ಲಿ ಎರಡು ಗಂಟೆ ಕಳೆದೆ. ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಬೇಕೆಂದೇ ಜಾರಿಸಿದೆ, ಸರಿಪಡಿಸಿದೆ, ಬ್ರೇಕು ಪೂರ್ತಿ ಒತ್ತಿ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಪಾದದ ಕೆಳಗೆ ದಡದಡ ಎನ್ನುವುದನ್ನು ಕೇಳಿದೆ. ನಿಮ್ಮ ಕಾರಿನಲ್ಲೂ ಮಾಡಿ, ಹೆಂಡತಿಯೋ ಗಂಡನೋ ಓಡಿಸುವುದಾದರೆ ಅವರಿಂದಲೂ ಮಾಡಿಸಿ.

ಬಿಎಂಡಬ್ಲ್ಯುವಿನ ಸ್ಥಿರತೆ ಕಾಯುವ ವ್ಯವಸ್ಥೆ, ಡಿಎಸ್‌ಸಿ, ಬಹಳ ಒಳ್ಳೆಯದು. ಜಾರುವ ಚಕ್ರಕ್ಕೆ ತಾನೇ ಬ್ರೇಕು ಹಾಕಿ ಎಂಜಿನ್ನಿನ ಬಲ ಇಳಿಸುತ್ತದೆ. ರಸ್ತೆಯಲ್ಲಿ ಅದನ್ನು ಎಂದೂ ಆರಿಸಬೇಡಿ. ಆದರೆ ದಪ್ಪ ಹಿಮದಲ್ಲಿ ನಿಂತಲ್ಲೇ ಸಿಕ್ಕಿಕೊಂಡಾಗ ಅದರ ಎಚ್ಚರವೇ ತೊಡಕಾಗುತ್ತದೆ. ಚಕ್ರ ಕೊಂಚ ಜಾರುತ್ತಲೇ ಮುಂದೆ ಸಾಗಬೇಕಾದಾಗ ಬಲವನ್ನೇ ಕತ್ತರಿಸಿಬಿಡುತ್ತದೆ. ಡಿಟಿಸಿ ಎಂಬ ಸಡಿಲ ವಿಧಾನ ಇರುವ ಕಾರಾದರೆ, ಆಗ ಅದರ ಗುಂಡಿಯನ್ನು ಚಿಕ್ಕದಾಗಿ ಒಮ್ಮೆ ಒತ್ತಿದರೆ ಅದು ಶುರುವಾಗುತ್ತದೆ, ಚಕ್ರಕ್ಕೆ ಸ್ವಲ್ಪ ಹೆಚ್ಚು ಜಾರಲು ಬಿಡುತ್ತದೆ. ಹೊರಬಂದ ಮೇಲೆ ಮತ್ತೆ ಒತ್ತಿ ಮೊದಲಿನಂತೆ ಮಾಡಿ.

ಡಿಕ್ಕಿಯಲ್ಲಿ ಮರಳು ಚೀಲ ಹೇರಿಕೊಳ್ಳಿ ಎಂದು ಹಲವರು ಹೇಳುತ್ತಾರೆ. ಹಿಂದೆ ಖಾಲಿಯಿರುವ ಪಿಕಪ್ ಟ್ರಕ್ಕಿಗೆ ಅದು ಸರಿ. ನಿಮ್ಮ ಕಾರಿನ ಭಾರ ಮುಂದೆ ಹಿಂದೆ ಹೆಚ್ಚುಕಡಿಮೆ ಅರ್ಧರ್ಧ ಹಂಚಿದೆ, ಚೀಲದಿಂದ ದೊಡ್ಡ ಲಾಭವಿಲ್ಲ. ನಾನು ಒಂದೇ ಚೀಲ ಇಟ್ಟಿದ್ದೆ, ಭಾರಕ್ಕಲ್ಲ, ಸಿಕ್ಕಿಕೊಂಡಾಗ ಚಕ್ರದ ಕೆಳಗೆ ಎರಚಲು.

ಹಿಂಬದಿ ಚಾಲನೆ ನಿಜವಾಗಿ ಸೋಲುವ ಜಾಗಗಳನ್ನೂ ಹೇಳಬೇಕು. ಒಂದು, ನಗರದ ಹಿಮ ಗುಡಿಸುವ ಲಾರಿ ಹೋದ ಮೇಲೆ ನಿಮ್ಮ ಡ್ರೈವ್‌ವೇ ಬಾಯಿಗೆ ಅಡ್ಡವಾಗಿ ಬೀಳುವ ಹಿಮದ ದಿಬ್ಬ. ಅದು ಬೇಗ ಗಟ್ಟಿಯಾಗುತ್ತದೆ. ತಗ್ಗಾದ ಸೆಡಾನ್ ಅದರ ಮೇಲೆ ಹೊಟ್ಟೆ ಊರಿ ಕೂತರೆ ಎಷ್ಟು ಒಳ್ಳೆಯ ಟೈರಿದ್ದರೂ ಚಕ್ರ ಗಾಳಿಯಲ್ಲಿ ತಿರುಗುತ್ತದೆ. ಸಲಿಕೆಯೇ ಗತಿ, ಹೊರಡುವ ಹೊತ್ತಿಗೆ ಹದಿನೈದು ನಿಮಿಷ ಮುಂಚೆ ಏಳಬೇಕು. ಇನ್ನೊಂದು ಕಡಿದಾದ ಡ್ರೈವ್‌ವೇ. ಮನೆ ರಸ್ತೆಗಿಂತ ಕೆಳಗಿದ್ದು, ಪ್ರತಿದಿನ ನಿಂತಲ್ಲಿಂದ ಏರು ಹತ್ತಿಯೇ ಹೊರಬರಬೇಕಾಗಿದ್ದರೆ ಈ ಕಾರು ನಿಮಗೆ ಬೇಡ, ನಾಲ್ಕು ಚಕ್ರ ಚಾಲನೆಯದನ್ನೇ ನೋಡಿ, ಅದಕ್ಕೂ ಚಳಿಗಾಲದ ಟೈರು ಹಾಕಿಸಿ.

ಇವೆಲ್ಲಕ್ಕಿಂತ ನಾನು ಹೆದರುವುದು ಹೆಪ್ಪುಗಟ್ಟುವ ಮಳೆಗೆ. ನೀರಾಗಿ ಬಿದ್ದು, ನೆಲ ಮುಟ್ಟಿದೊಡನೆ ಗಾಜಿನಂತೆ ಅಂಟಿಕೊಳ್ಳುವ ಮಳೆ ಅದು, ಒಟ್ಟಾವಾ ಕಣಿವೆಯಲ್ಲಿ ಬರುತ್ತಲೇ ಇರುತ್ತದೆ. 1998ರ ಜನವರಿಯಲ್ಲಿ ಹಲವು ದಿನಗಳಲ್ಲಿ ಇಲ್ಲಿ 80 ಮಿಲಿಮೀಟರಿಗೂ ಹೆಚ್ಚು ಸುರಿದು ವಿದ್ಯುತ್ ಗೋಪುರಗಳೇ ಮಡಚಿ ಬಿದ್ದವು. ಆ ಎಚ್ಚರಿಕೆ ಬಂದ ದಿನ ಯಾವ ಕಾರನ್ನೂ ಹೊರತೆಗೆಯಬೇಡಿ, ಕಚೇರಿಗೆ ಫೋನ್ ಮಾಡಿ ಮನೆಯಿಂದಲೇ ಕೆಲಸ ಮಾಡಿ. ಉಳಿದ ದಿನಗಳಲ್ಲೂ ಸೇತುವೆಗಳ ಮೇಲೆ ನಿಧಾನಿಸಿ. ಮೇಲೂ ಕೆಳಗೂ ತಣ್ಣನೆಯ ಗಾಳಿ ತಾಗುವುದರಿಂದ ಅವು ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತವೆ.

ಕಾರಿನಲ್ಲಿ ಸಣ್ಣ ಸಲಿಕೆ, ಕಂಬಳಿ, ಟಾರ್ಚ್, ಮೈನಸ್ 40 ಡಿಗ್ರಿಯವರೆಗೆ ಗಟ್ಟಿಯಾಗದ ಗಾಜು ತೊಳೆಯುವ ದ್ರವ ಇರಲಿ. ಪೆಟ್ರೋಲನ್ನು ಅರ್ಧ ಟ್ಯಾಂಕಿಗಿಂತ ಇಳಿಸಬೇಡಿ. ಹಿಮದಲ್ಲಿ ಸಿಕ್ಕಿಕೊಂಡು ಬೆಚ್ಚಗಿರಲು ಎಂಜಿನ್ ಓಡಿಸುವುದಾದರೆ ಮೊದಲು ಇಳಿದು ಹೊಗೆ ಕೊಳವೆಯ ಸುತ್ತಲಿನ ಹಿಮವನ್ನು ತೆಗೆಯಿರಿ. ಕೊಳವೆ ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ಗೊತ್ತಾಗುವ ಮೊದಲೇ ಪ್ರಾಣ ಹೋಗುತ್ತದೆ.

ಟೈರು ಅಂಗಡಿಯಲ್ಲಿ ಅಕ್ಟೋಬರ್ ಮೊದಲ ವಾರದಲ್ಲೇ ದಿನ ಗೊತ್ತು ಮಾಡಿಕೊಳ್ಳಿ, ಮೊದಲ ಹಿಮ ಬಿದ್ದ ಮೇಲೆ ಹೋದರೆ ವಾರಗಟ್ಟಲೆ ಕಾಯಬೇಕು. ಕಾರು ನೋಡಲು ಹೋದಾಗ ಚಾಲಕನ ಬಾಗಿಲು ತೆರೆದು ಕಂಬದ ಮೇಲಿನ ಚೀಟಿಯಲ್ಲಿರುವ ಟೈರಿನ ಅಳತೆ ಬರೆದುಕೊಳ್ಳಿ, ಮುಂದೆ ಹಿಂದೆ ಬೇರೆ ಇದ್ದರೆ ಎರಡನ್ನೂ. ಅದನ್ನೂ ನಿಮ್ಮ ಡ್ರೈವ್‌ವೇ ಯಾವ ಕಡೆಗೆ ಇಳಿಜಾರು ಎಂಬುದನ್ನೂ ಇಲ್ಲೇ ಕೆಳಗೆ ಬರೆದರೆ ಯಾವ ಅಳತೆಯ ಸೆಟ್ ಕೂರುತ್ತದೆ ಎಂದು ಲೆಕ್ಕ ಹಾಕಿ ತಿಳಿಸುತ್ತೇನೆ.