ಮುಳ್ಳು ಸುಳ್ಳು ಹೇಳ್ತಾ ಉಂಟಾ? ಮೊದ್ಲು ಅರ್ತ್ ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನದ್ದೂ ಹಳೇ ಲಾರಿ, ಟೆಂಪೋಗಳ ಮೀಟರ್ ಬೋರ್ಡಿನದ್ದೇ. ಆಶ್ಚರ್ಯ ಎಂತದೂ ಇಲ್ಲ, ವರ್ಷಕ್ಕೆ ಹತ್ತಿರ ಹತ್ತಿರ 3,500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮ ಕಾಸರಗೋಡು, ಆಟಿ ತಿಂಗಳ ಜೋರು ಮಳೆಯಲ್ಲಿ ಉಟ್ಟ ಬಟ್ಟೆಯೇ ಒಣಗುದಿಲ್ಲ, ಮತ್ತೆ ವಯರಿಂಗ್ ಎಲ್ಲಿ ಒಣಗ್ತದೆ? ಒಂದೇ ತರದ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಐದಕ್ಕೆ ಉತ್ತರ ಬರ್ದಿದ್ದೇನೆ. ಅರ್ತ್ ಅಂದ್ರೆ ಕರೆಂಟ್ ಗಾಡಿಯ ಬಾಡಿ ಮೂಲಕ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ.

ಪ್ರಶ್ನೆ: ಅಣ್ಣಾ, ನನ್ನದು 1998ರ ಟಾಟಾ 407 ಗಾಡಿ, ಮುರಕಲ್ಲು (ಕಟ್ಟಡದ ಕೆಂಪುಕಲ್ಲು) ಸಾಗಿಸ್ಲಿಕ್ಕೆ ಇಟ್ಕೊಂಡದ್ದು. ಹಗಲು ಮೀಟರ್ ಎಲ್ಲ ಸರಿ ಇರ್ತದೆ. ಹೆಡ್‌ಲೈಟ್ ಹಾಕಿದ ಕೂಡ್ಲೇ ಹೀಟ್ ಮುಳ್ಳು ಮೇಲೆ ಹೋಗ್ತದೆ, ಡೀಸೆಲ್ ಮುಳ್ಳೂ ಏರ್ತದೆ, ಇಂಡಿಕೇಟರ್ ಹಾಕಿದ್ರೆ ಅದರ ತಾಳಕ್ಕೆ ಎರಡೂ ಕುಣೀತವೆ. ಮೀಟರ್ ಬೋರ್ಡೇ ಹೋಗಿದೆ ಅಂತ ಒಬ್ರು ಹೇಳಿದ್ರು, ಸೆಕೆಂಡ್ ಹ್ಯಾಂಡ್ ಒಂದು ತಂದು ಹಾಕಿಸಿದೆ, ಎರಡು ದಿನ ಸರಿ ಇತ್ತು, ಪುನಃ ಅದೇ ಕಥೆ. ಹೆದರಿ ರೇಡಿಯೇಟರ್ ಕೂಡ ಕ್ಲೀನ್ ಮಾಡಿಸಿದೆ. ಹೇಳ್ಲಿಕ್ಕೆ ಮರ್ತೆ, ಏಪ್ರಿಲ್‌ನಲ್ಲಿ ಫಿಟ್ನೆಸ್ ಟೆಸ್ಟಿಗೆ ಅಂತ ಟಿಂಕರಿಂಗ್, ಪೈಂಟಿಂಗ್ ಮಾಡಿಸಿದ್ದೆ. – ಬದಿಯಡ್ಕದ ಓದುಗರು

ಉತ್ತರ: ನೀವು ಮರ್ತು ಕೊನೆಗೆ ಬರ್ದ ವಾಕ್ಯದಲ್ಲೇ ಉತ್ತರ ಉಂಟು ಮಾರಾಯ್ರೆ. ಪೈಂಟ್ ಮಾಡುವವರಿಗೆ ಬಾಡಿ ಚಂದ ಕಂಡ್ರೆ ಆಯ್ತು, ಕ್ಯಾಬಿನ್ ಒಳಗೆ ಡ್ಯಾಶ್‌ಬೋರ್ಡ್ ಹಿಂದೆ ಅರ್ತ್ ವಯರಿನ ಲಗ್, ಅಂದ್ರೆ ತುದಿಯ ಬಳೆ, ಕೂರುವ ಜಾಗ ಉಂಟಲ್ಲ, ಅದರ ಮೇಲೂ ಸ್ಪ್ರೇ ಹೊಡೀತಾರೆ, ಆಮೇಲೆ ಅದೇ ಪೈಂಟಿನ ಮೇಲೆ ಲಗ್ ಇಟ್ಟು ಬೋಲ್ಟ್ ಬಿಗೀತಾರೆ. ಪೈಂಟ್‌ನಲ್ಲಿ ಕರೆಂಟ್ ಹರಿಯುದಿಲ್ಲ. ಬೋಲ್ಟಿನ ಗೆರೆಯಲ್ಲಿ (ಥ್ರೆಡ್) ಎಲ್ಲೋ ಒಂಚೂರು ತಾಗಿದ ಜಾಗದಿಂದ ಹೇಗೋ ಕೆಲಸ ನಡೀತದೆ. ಹಗಲು ಮೀಟರಿನ ಕರೆಂಟ್ ಮಾತ್ರ ಇರುವಾಗ ಅಷ್ಟು ಸಾಕು, ರಾತ್ರಿ ಲೈಟಿನ ಕರೆಂಟೂ ಅದೇ ದಾರಿಯಲ್ಲಿ ವಾಪಸ್ ಹೋಗ್ಬೇಕು ಅಂದಾಗ ದಾರಿ ಸಾಲುದಿಲ್ಲ. ಹಳೇ ಮೀಟರ್ ಬೋರ್ಡ್‌ಗಳಲ್ಲಿ ಕೆಲವದರ ಹಿಂದೆ ಸ್ಟೆಬಿಲೈಸರ್ ಅಂತ ಸಣ್ಣ ಡಬ್ಬಿ ಇರ್ತದೆ, ಬ್ಯಾಟರಿ ವೋಲ್ಟೇಜ್ ಏರಿಳಿದ್ರೂ ಗೇಜ್‌ಗಳಿಗೆ ಸುಮಾರು 10 ವೋಲ್ಟ್‌ನಷ್ಟೇ ಸಿಗುವ ಹಾಗೆ ನೋಡ್ಕೊಳ್ಳುವಂಥದ್ದು. ಅದಕ್ಕೆ ಅರ್ತ್ ಸಿಗದಿದ್ರೆ ಅದು ಕೆಲಸ ಬಿಟ್ಟು ಬ್ಯಾಟರಿಯ ಪೂರ್ತಿ ವೋಲ್ಟೇಜನ್ನೇ ಗೇಜಿಗೆ ಬಿಡ್ತದೆ, ಹೀಟ್ ಮತ್ತೆ ಡೀಸೆಲ್ ಎರಡು ಮುಳ್ಳೂ ಒಟ್ಟಿಗೆ ಮೇಲೆ ಹೋಗ್ತವೆ. ಒಂದೇ ಮುಳ್ಳು ಹಾಳಾದ್ರೆ ಆ ಮುಳ್ಳಿನದ್ದೇ ತೊಂದರೆ ಇರ್ಬಹುದು, ಎರಡು ಮೂರು ಒಟ್ಟಿಗೆ ಕುಣಿದ್ರೆ ಎಲ್ಲದಕ್ಕೂ ಸೇರಿದ ಒಂದು ಜಾಗ ಹುಡುಕಿ.

ಸೆಕೆಂಡ್ ಹ್ಯಾಂಡ್ ಬೋರ್ಡ್ ಹಾಕಿ ಎರಡು ದಿನ ಸರಿ ಇದ್ದದ್ದು ಯಾಕೆ ಗೊತ್ತುಂಟಾ, ಬಿಚ್ಚಿ ಹಾಕುವಾಗ ಲಗ್ ತಿಕ್ಕಿ ಸ್ವಲ್ಪ ಕಬ್ಬಿಣ ಕಂಡಿತ್ತು, ತೇವಕ್ಕೆ ಪುನಃ ಕಿಲುಬು ಕೂತಿತು. ಅಂದ್ರೆ ನಿಮ್ಮ ಹಳೇ ಬೋರ್ಡ್ ಹಾಳಾಗಿರ್ಲಿಲ್ಲ, ಗುಜಿರಿಗೆ ಹಾಕದೆ ಇದ್ರೆ ತೆಗ್ದಿಡಿ.

ಈಗ ಹೀಗೆ ಮಾಡಿ. ಒಂದು ಉದ್ದ ವಯರ್ ತಗೊಂಡು ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ತುದಿ ಮೀಟರ್ ಬೋರ್ಡಿನ ಅರ್ತ್ ವಯರಿಗೆ ತಾಗಿಸಿ, ಹೆಡ್‌ಲೈಟ್ ಹಾಕಿ. ಮುಳ್ಳು ಅಲ್ಲಾಡದೆ ನಿಂತ್ರೆ ರೋಗ ಸಿಕ್ಕಿತು. ಮಲ್ಟಿಮೀಟರ್ ಇದ್ದವರು 20 ವೋಲ್ಟ್ ಡಿಸಿಗೆ ಇಟ್ಟು, ಕೆಂಪು ಪಿನ್ ಮೀಟರಿನ ಅರ್ತ್‌ಗೆ, ಕಪ್ಪು ಪಿನ್ ಬ್ಯಾಟರಿ ಮೈನಸ್‌ನ ಸೀಸದ ಕಂಬಕ್ಕೇ ಇಡಿ, ಕ್ಲ್ಯಾಂಪ್‌ಗೆ ಅಲ್ಲ. ಲೈಟ್, ವೈಪರ್ ಎಲ್ಲ ಆನ್ ಇರುವಾಗ 0.2 ವೋಲ್ಟಿಗಿಂತ ಕಡಿಮೆ ತೋರಿಸ್ಬೇಕು. 1 ವೋಲ್ಟ್ ತೋರಿಸಿದ್ರೆ ಆ ಒಂದು ವೋಲ್ಟ್ ನಿಮ್ಮ ಪೈಂಟ್ ತಿಂತಾ ಉಂಟು ಅಂತ ಲೆಕ್ಕ. ಬೋಲ್ಟ್ ಬಿಚ್ಚಿ ಲಗ್ ಕೂರುವ ಜಾಗವನ್ನು ಎಮರಿ ಪೇಪರಲ್ಲಿ ಬೆಳ್ಳಿ ಹಾಗೆ ಹೊಳೆಯುವವರೆಗೆ ಉಜ್ಜಿ, ಲಗ್ ಸಹ ಉಜ್ಜಿ, ಬಿಗಿ ಮಾಡಿ, ಮೇಲಿಂದ ಗ್ರೀಸ್ ಹಚ್ಚಿ. ಗ್ರೀಸ್ ಬಿಗಿದ ಮೇಲೆ, ಮೊದ್ಲು ಅಲ್ಲ.

ಒಮ್ಮೆ ಗಾಡಿ ಅಡಿಗೂ ನೋಡಿ. ಎಂಜಿನ್ ಕೂತದ್ದು ರಬ್ಬರಿನ ಮೇಲೆ, ಕ್ಯಾಬಿನ್ ಕೂತದ್ದೂ ರಬ್ಬರಿನ ಮೇಲೆ, ಹಾಗಾಗಿ ಎರಡಕ್ಕೂ ಚಾಸಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿಯೋ ದಪ್ಪ ವಯರೋ ಬೇಕೇಬೇಕು. ನಮ್ಮ ಕಡಲ ಗಾಳಿಗೆ ಈ ಪಟ್ಟಿ ಎಳೆ ಎಳೆಯಾಗಿ ತುಂಡಾಗ್ತದೆ, ಹೊರಗಿಂದ ನೋಡಿದ್ರೆ ಉಂಟು, ಕೈಯಲ್ಲಿ ಹಿಡಿದು ಎಳೆದ್ರೆ ಹಸಿರು ಪುಡಿ. ಉಪ್ಪಳದ ಹತ್ರ ಮೀನು ಸಾಗಿಸುವ ಒಂದು ಗಾಡಿಯಲ್ಲಿ ನಾನು ನೋಡಿದ್ದು, ಎಂಜಿನ್ ಪಟ್ಟಿ ಪೂರ್ತಿ ಹೋಗಿತ್ತು, ಸೆಲ್ಫ್ ಹೊಡೆಯುವಾಗ ಹೋಗುವ ನೂರಾರು ಆಂಪಿಯರ್ ಕರೆಂಟ್ ಬೇರೆ ದಾರಿ ಇಲ್ಲದೆ ಆಕ್ಸಿಲರೇಟರ್ ಕೇಬಲ್ ಮೂಲಕ ಹೋಗಿ ಕೇಬಲಿನ ಪ್ಲಾಸ್ಟಿಕ್ ಕರಗಿ ಒಳಗಿನ ತಂತಿಗೆ ಅಂಟಿಕೊಂಡಿತ್ತು. ಡ್ರೈವರ್ ಬಂದದ್ದು ಆಕ್ಸಿಲರೇಟರ್ ಟೈಟ್ ಅಂತ ಕಂಪ್ಲೇಂಟ್ ತಗೊಂಡು! ಏಳು ಭಾಷೆಯ ಊರು ಅಂತಾರೆ ಕಾಸರಗೋಡನ್ನು, ವರ್ಕ್‌ಶಾಪಿನಲ್ಲಿ ಯಾವ ಭಾಷೆಯವ ಬಂದ್ರೂ ಅರ್ತ್‌ಗೆ ಅರ್ತ್ ಅಂತ್ಲೇ ಹೇಳುದು, ಆದ್ರೆ ಅದನ್ನು ಮೊದ್ಲು ನೋಡುವವರು ಕಡಿಮೆ.

ಒಂದು ಜಾಗ್ರತೆ. ಬೋರ್ಡ್ ಬಿಚ್ಚುವ ಮೊದ್ಲು ಬ್ಯಾಟರಿ ಮೈನಸ್ ತೆಗೀರಿ. ಆಂಪಿಯರ್ ಮೀಟರ್ ಇರುವ ಹಳೇ ಗಾಡಿಗಳಲ್ಲಂತೂ ಅದರ ಹಿಂದಿನ ಎರಡು ದಪ್ಪ ವಯರಿಗೆ ಕೀ ಆಫ್ ಇದ್ರೂ ಬ್ಯಾಟರಿ ಕರೆಂಟ್ ಇರ್ತದೆ, ಹೆಚ್ಚಿನದ್ರಲ್ಲಿ ಫ್ಯೂಸೂ ಇಲ್ಲ. ಸ್ಪ್ಯಾನರ್ ಒಂದು ಕಡೆ ನಟ್ಟಿಗೆ, ಇನ್ನೊಂದು ಕಡೆ ಬಾಡಿಗೆ ತಾಗಿದ್ರೆ ಸ್ಪ್ಯಾನರೇ ವೆಲ್ಡ್ ಆಗ್ತದೆ.

ಪ್ರಶ್ನೆ: ವಾಟರ್ ಪಂಪ್ ಕೆಲಸ ಮಾಡಿಸಿದ ಮೇಲೆ ಹೀಟ್ ಗೇಜ್ ಏಳುದೇ ಇಲ್ಲ. ನೀರಿನ ಬಿಸಿ ನೋಡುವ ಹೊಸ ಸೆನ್ಸರ್ ಹಾಕಿದ್ದಾರೆ. ಗೇಜ್ ಹೋಗಿರ್ಬಹುದಾ? – ಮುಳ್ಳೇರಿಯ

ಉತ್ತರ: ಸೆನ್ಸರಿನ ವಯರ್ ತೆಗ್ದು, ಕೀ ಆನ್ ಮಾಡಿ, ವಯರಿನ ತುದಿಯನ್ನು ಎರಡು ಸೆಕೆಂಡ್ ಎಂಜಿನ್ ಬಾಡಿಗೆ ತಾಗಿಸಿ, ಒಬ್ರು ಕ್ಯಾಬಿನ್‌ನಲ್ಲಿ ಕೂತು ಮುಳ್ಳು ನೋಡ್ಲಿ. ಮುಳ್ಳು ಸರ್ರಂತ ಮೇಲೆ ಹೋದ್ರೆ ಗೇಜೂ ಸರಿ, ವಯರೂ ಸರಿ. ಹೋಗದಿದ್ರೆ ನಡುವೆ ಎಲ್ಲೋ ವಯರ್ ತುಂಡಾಗಿದೆ, ಅಥವಾ ಗೇಜಿಗೆ ಕರೆಂಟ್ ಬರುದಿಲ್ಲ.

ನನ್ನ ಅಂದಾಜು ಕೇಳಿದ್ರೆ ಸೆನ್ಸರ್ ಬಿಚ್ಚಿ ಅದರ ಗೆರೆ ನೋಡಿ, ಬಿಳಿ ಟೇಪ್ ಸುತ್ತಿರ್ತಾರೆ, ನೀರಿನ ಪೈಪಿಗೆ ಸುತ್ತುವಂಥದ್ದು. ಒಂಟಿ ವಯರಿನ ಸೆನ್ಸರಿಗೆ ಅರ್ತ್ ಸಿಗುದೇ ಆ ಗೆರೆಯಿಂದ. ನೀರು ಲೀಕ್ ಆಗ್ಬಾರ್ದು ಅಂತ ನಾಲ್ಕು ಸುತ್ತು ಟೇಪ್ ಹಾಕಿದ್ರೆ ನೀರೂ ನಿಂತಿತು ಕರೆಂಟೂ ನಿಂತಿತು. ತಾಮ್ರದ ವಾಷರ್ ಸಾಕು. ಸೆನ್ಸರ್ ಮೇಲೆಯೇ ಸಂಶಯ ಇದ್ರೆ ಅದನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಮಲ್ಟಿಮೀಟರಿನಲ್ಲಿ ಓಮ್ ನೋಡಿ, ನೀರು ಬಿಸಿ ಆಗ್ತಾ ಹೋದ ಹಾಗೆ ಓಮ್ ಇಳೀಬೇಕು. ಇಳಿಯದೆ ಕೂತಿದ್ರೆ ಸೆನ್ಸರ್ ಸತ್ತಿದೆ.

ಇದೆಲ್ಲದಕ್ಕಿಂತ ಮೊದ್ಲು ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗ್ದು ನೀರುಂಟಾ ನೋಡಿ. ಸೆನ್ಸರ್ ನೀರಿನಲ್ಲಿ ಮುಳುಗಿದ್ರೆ ಮಾತ್ರ ಸರಿ ಹೇಳುದು. ನೀರು ಇಳಿದು ಸೆನ್ಸರ್ ಬರೀ ಗಾಳಿಯಲ್ಲಿದ್ರೆ ಎಂಜಿನ್ ಬೇಯ್ತಾ ಇದ್ರೂ ಮುಳ್ಳು ತಣ್ಣಗೆ ಕೂತಿರ್ತದೆ. ಪಂಪ್ ಕೆಲಸ ಆದ ಗಾಡಿಯಲ್ಲಿ ಒಳಗೆ ಗಾಳಿ ಉಳಿದಿರುದು ಮಾಮೂಲಿ.

ಪ್ರಶ್ನೆ: ಅಣ್ಣಾ, ನಮ್ಮ ಯಜಮಾನರು ಟೆಂಪೋಗೆ ಮೀಟರಿನ ಬಲ್ಬ್ ಎಲ್ಲ ಎಲ್‌ಇಡಿ ಹಾಕಿಸಿದ್ರು, ನೋಡ್ಲಿಕ್ಕೆ ಚಂದ ಉಂಟು. ಆದ್ರೆ ಆಮೇಲೆ ಬೆಳಿಗ್ಗೆ ಸ್ಟಾರ್ಟ್ ಆಗುದಿಲ್ಲ, ದಿನಾ ದೂಡ್ಬೇಕು, ದೂಡ್ಲಿಕ್ಕೆ ನಾನೇ ಬೇಕು! ಹೊಸ ಬ್ಯಾಟರಿ ಅಂತ ಹೇಳ್ತಾ ಇದ್ದಾರೆ. – ಪೆರ್ಲದಿಂದ ಒಬ್ಬ ಅಕ್ಕ

ಉತ್ತರ: ಬ್ಯಾಟರಿಗೆ ದುಡ್ಡು ಕೊಡ್ಬೇಡಿ ಅಕ್ಕ, ಹತ್ತು ಇಪ್ಪತ್ತು ರೂಪಾಯಿಯ ಬಲ್ಬ್ ತರ್ಲಿಕ್ಕೆ ಹೇಳಿ. ಮೀಟರಿನಲ್ಲಿ ಬ್ಯಾಟರಿ ಚಿತ್ರ ಇರುವ ಕೆಂಪು ಲೈಟ್ ಉಂಟಲ್ಲ, ಅದು ಬರೀ ತೋರಿಸ್ಲಿಕ್ಕೆ ಅಲ್ಲ. ಹಳೇ ಗಾಡಿಗಳಲ್ಲಿ ಕೀ ಆನ್ ಮಾಡಿದಾಗ ಆ ಬಲ್ಬಿನ ಮೂಲಕವೇ ಸ್ವಲ್ಪ ಕರೆಂಟ್ ಆಲ್ಟರ್ನೇಟರಿಗೆ, ನಮ್ಮವರ ಬಾಯಲ್ಲಿ ಡೈನಮೋಗೆ, ಹೋಗಿ ಅದನ್ನು ಎಬ್ಬಿಸುದು. 12 ವೋಲ್ಟಿನ 2 ವ್ಯಾಟ್ ಬಲ್ಬ್ ಅಂದ್ರೆ ಸುಮಾರು 0.17 ಆಂಪಿಯರ್, ಎಲ್‌ಇಡಿ ಬಿಡುದು ಅದರ ಎಂಟರಲ್ಲಿ ಒಂದು ಪಾಲೂ ಇಲ್ಲ, ಡೈನಮೋ ಏಳುದೇ ಇಲ್ಲ. ಒಮ್ಮೆ ಜೋರು ರೇಸ್ ಕೊಟ್ಟ ಮೇಲೆ ಚಾರ್ಜ್ ಶುರು ಆಗ್ತದಾ ನೋಡಿ, ಹಾಗಾದ್ರೆ ಗ್ಯಾರಂಟಿ ಇದೇ. ಉಳಿದ ಎಲ್‌ಇಡಿ ಇರ್ಲಿ, ಚಾರ್ಜಿಂಗ್ ಲೈಟಿಗೆ ಮಾತ್ರ ಹಳೇ ತರದ ಬಲ್ಬ್ ಹಾಕಿ. ಆಮೇಲೆ ಗಾಡಿ ಓಡ್ತಾ ಇರುವಾಗ ಬ್ಯಾಟರಿ ಮೇಲೆ 13.8ರಿಂದ 14.4 ವೋಲ್ಟ್ ತೋರಿಸ್ಬೇಕು.

ದೊಡ್ಡ ಲಾರಿಯವರಿಗೂ ಇದೇ ಜಾಗದಲ್ಲಿ ಒಂದು ಮಾತು ಹೇಳ್ತೇನೆ, ಯಾಕಂದ್ರೆ ಪ್ರತಿ ತಿಂಗಳು ಒಬ್ಬರಾದ್ರೂ ಕೇಳ್ತಾರೆ. 24 ವೋಲ್ಟಿನ ಗಾಡಿಗೆ ಕಾರಿನ ಸ್ಟೀರಿಯೋ ಹಾಕ್ಲಿಕ್ಕೆ ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಎಳೀಬೇಡಿ. ಒಂದು ಬ್ಯಾಟರಿ ಯಾವಾಗ್ಲೂ ಅರೆಹೊಟ್ಟೆ, ಇನ್ನೊಂದು ಓವರ್ ಚಾರ್ಜ್ ಆಗಿ ನೀರು ಕುದಿದು ಹಾಳು, ಕೊನೆಗೆ ಎರಡೂ ಹೋಗ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಸಿಗ್ತದೆ, ಅದನ್ನು ಹಾಕಿ.

ಪ್ರಶ್ನೆ: ಹೆಗ್ಗಣ ವಯರ್ ಕಡಿದು ಆರೇಳು ಕಡೆ ಜಾಯಿಂಟ್ ಆಗಿದೆ. ಮಳೆಗಾಲದಲ್ಲಿ ಒಂದೊಂದೇ ಕೈ ಕೊಡ್ತದೆ, ಫ್ಯೂಸ್ ಹೋಗಿ ಹೋಗಿ ಸಾಕಾಗಿ ಸಿಗರೇಟಿನ ಬೆಳ್ಳಿ ಕಾಗದ ಸುತ್ತಿ ಓಡಿಸ್ತಾ ಇದ್ದೇನೆ. – ಮಂಜೇಶ್ವರ

ಉತ್ತರ: ಇವತ್ತೇ ಆ ಕಾಗದ ತೆಗೀರಿ. ತಮಾಷೆ ಅಲ್ಲ. ಎರಡು 55 ವ್ಯಾಟಿನ ಹೆಡ್‌ಲೈಟಿಗೆ 12 ವೋಲ್ಟಿನಲ್ಲಿ ಹೋಗುದು ಸುಮಾರು 9 ಆಂಪಿಯರ್, ಅದಕ್ಕೆ 15 ಆಂಪಿಯರ್ ಫ್ಯೂಸ್ ಧಾರಾಳ ಸಾಕು. ಫ್ಯೂಸ್ ಹೋಗ್ತಾ ಉಂಟು ಅಂದ್ರೆ ಎಲ್ಲೋ ವಯರ್ ಬಾಡಿಗೆ ತಾಗ್ತಾ ಉಂಟು, ಬೆಳ್ಳಿ ಕಾಗದ ಹಾಕಿದ್ರೆ ಫ್ಯೂಸಿನ ಬದ್ಲು ವಯರ್ ಸುಡ್ತದೆ, ವಯರ್ ಸುಟ್ರೆ ಗಾಡಿ. ಹುಡುಕ್ಲಿಕ್ಕೆ ಸುಲಭದ ದಾರಿ, ಫ್ಯೂಸಿನ ಜಾಗಕ್ಕೆ ಒಂದು 21 ವ್ಯಾಟ್ ಇಂಡಿಕೇಟರ್ ಬಲ್ಬಿನ ಎರಡು ವಯರ್ ಸಿಕ್ಕಿಸಿ, ಆ ಫ್ಯೂಸಿನ ಮೇಲಿರುವ ಬಲ್ಬ್‌ಗಳನ್ನೆಲ್ಲ ಕಳಚಿ. ಶಾರ್ಟ್ ಇದ್ರೆ ಬಲ್ಬ್ ಜೋರು ಉರೀತದೆ. ಈಗ ವಯರಿನ ಕಟ್ಟನ್ನು ಒಂದೊಂದು ಗೇಣು ಅಲ್ಲಾಡಿಸ್ತಾ ಹೋಗಿ, ಯಾವ ಜಾಗ ಮುಟ್ಟಿದಾಗ ಬಲ್ಬ್ ಮಿಣುಕ್ತದೋ ಅಲ್ಲಿ ಟೇಪ್ ಬಿಚ್ಚಿ. ಕ್ಯಾಬಿನ್ ತಗಡಿನ ತೂತಿನಿಂದ ವಯರ್ ದಾಟುವ ಜಾಗ ಮೊದ್ಲು ನೋಡಿ, ಅಲ್ಲಿಯ ರಬ್ಬರ್ ಬುಷ್ ಬಿದ್ದುಹೋಗಿರ್ತದೆ.

ಜಾಯಿಂಟ್ ಬಗ್ಗೆ. ಬರೀ ತಿರುಚಿ ಇನ್ಸುಲೇಶನ್ ಟೇಪ್ ಸುತ್ತಿದ್ದು ಒಂದು ಬೇಸಿಗೆಗೆ ಅಂಟು ಬಿಡ್ತದೆ, ಮಳೆಗಾಲದಲ್ಲಿ ಒಳಗೆ ನೀರು ಕೂತು ತಾಮ್ರ ಹಸಿರಾಗ್ತದೆ. ಹಸಿರಾದ ತುದಿ ಕತ್ತರಿಸಿ ಹೊಳೆಯುವ ತಾಮ್ರ ಸಿಗುವವರೆಗೆ ಹಿಂದೆ ಹೋಗಿ, ಸೋಲ್ಡರ್ ಮಾಡಿ, ಬಿಸಿಗೆ ಬಿಗಿಯಾಗುವ ಸ್ಲೀವ್ ಹಾಕಿ. ಆರು ವಯರಿನ ಜಾಯಿಂಟ್ ಒಂದೇ ಜಾಗದಲ್ಲಿ ಬೇಡ, ಒಂದಕ್ಕಿಂತ ಒಂದು ಹಿಂದೆ ಮುಂದೆ ಇರ್ಲಿ. ಅದೇ ಬಣ್ಣದ ವಯರ್ ಸಿಕ್ಕಿದ್ರೆ ಅದನ್ನೇ ಹಾಕಿ, ಮುಂದೆ ಕೆಲಸ ಮಾಡುವವ ನಿಮ್ಮನ್ನು ಬಯ್ಯುದು ತಪ್ಪುತ್ತದೆ. ಹೆಗ್ಗಣಕ್ಕೆ ಕೆಲವರು ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟಿ ಇಡ್ತಾರೆ, ನಮ್ಮಲ್ಲೂ ಇಟ್ಟಿದ್ದೆವು, ಹೆಗ್ಗಣ ಅದರ ಪಕ್ಕದಲ್ಲೇ ಮರಿ ಹಾಕಿತ್ತು. ಅಡಿಕೆ ಗೋಣಿ, ಹಿಂಡಿ ಚೀಲ ಇರುವ ಕೊಟ್ಟಿಗೆ ಹತ್ರ ಗಾಡಿ ನಿಲ್ಲಿಸದೆ ಇದ್ರೆ ಅರ್ಧ ಕೆಲಸ ಆಯ್ತು.

ಪ್ರಶ್ನೆ: ಸ್ಪೀಡೋಮೀಟರ್ ಮುಳ್ಳು ನಡುಗ್ತದೆ, ಟಕ್ ಟಕ್ ಶಬ್ದ ಬೇರೆ. – ಕುಂಬಳೆ

ಉತ್ತರ: ನಿಮ್ಮದು ಕೇಬಲಿನ ಮೀಟರ್, ವಯರಿಂಗಿಗೂ ಇದಕ್ಕೂ ಸಂಬಂಧ ಇಲ್ಲ. ಒಳಗಿನ ತಂತಿ ಎಳೆದು ಡೀಸೆಲ್‌ನಲ್ಲಿ ತೊಳೆದು ಒರೆಸಿ, ತೆಳ್ಳಗೆ ಗ್ರೀಸ್ ಹಚ್ಚಿ ಹಾಕಿ. ಮೀಟರಿನ ಕಡೆಯ ಒಂದು ಗೇಣಿಗೆ ಗ್ರೀಸ್ ಬೇಡ, ಅದು ತಿರುಗ್ತಾ ತಿರುಗ್ತಾ ಮೀಟರಿನ ಒಳಗೆ ಏರ್ತದೆ. ತಂತಿಯನ್ನು ನೆಲದ ಮೇಲೆ ಉರುಳಿಸಿ ನೋಡಿ, ಒಂದು ಕಡೆ ಎಗರಿದ್ರೆ ಅಲ್ಲಿ ಬೆಂಡಾಗಿದೆ, ಬದಲಿಸ್ಬೇಕು. ಮುಂದೆ ಯಾವಾಗಾದ್ರೂ ಮುಳ್ಳು ಸತ್ತು ಕಿಲೋಮೀಟರ್ ಮಾತ್ರ ಓಡ್ತಾ ಇದ್ರೆ ಮೀಟರ್ ಹಾಳು, ಎರಡೂ ನಿಂತ್ರೆ ಕೇಬಲ್ ತುಂಡಾಗಿದೆ ಅಥವಾ ಗೇರ್‌ಬಾಕ್ಸಿನ ಸಣ್ಣ ಹಲ್ಲುಚಕ್ರ ಸವೆದಿದೆ.