ಪಂದಿ ಕರಿಗೆ ಯಾವ ವೈನ್?

ಕೊಡಗಿನ ಹಂದಿಮಾಂಸದ ಅಡುಗೆಯಾದ ಪಂದಿ ಕರಿ, ಅಕ್ಕಿ ತರಿಯ ಉಂಡೆಗಳಾದ ಕಡಂಬುಟ್ಟಿನೊಂದಿಗೆ ಯಾವ ವೈನ್ ಹೊಂದುತ್ತದೆ, ಮಡಿಕೇರಿಯಲ್ಲಿ ಕೊಂಡ ಮನೆವೈನ್ ಸಾಕೇ ಎಂದು ಕೇಳಿದ್ದೀರಿ. ಈ ಅಡುಗೆಯ ರುಚಿಯನ್ನು ನಿರ್ಧರಿಸುವುದು ಮಾಂಸಕ್ಕಿಂತ ಹೆಚ್ಚಾಗಿ ಕಾಚಂಪುಳಿಯ (ಹುಳಿಹಣ್ಣಿನ ರಸದಿಂದ ಮಾಡುವ ಕೊಡಗಿನ ಕಪ್ಪು ವಿನೆಗರ್) ಗಾಢವಾದ ಹುಳಿ ಮತ್ತು ಹುರಿದು ಪುಡಿ ಮಾಡಿದ ಕರಿಮೆಣಸು. ಊಟದಲ್ಲಿ ಇಷ್ಟು ಹುಳಿಯಿದ್ದಾಗ ಹುಳಿ ಕಡಿಮೆಯಿರುವ ವೈನ್ ಸಪ್ಪೆಯೆನಿಸುತ್ತದೆ, ಒಗರು ಹೆಚ್ಚಿರುವ ಕೆಂಪು ವೈನ್ ಖಾರವನ್ನು ಇನ್ನಷ್ಟು ಕೆರಳಿಸುತ್ತದೆ. ಆದ್ದರಿಂದ ನನ್ನ ಆಯ್ಕೆ ಒಗರು ಮೃದುವಾಗಿರುವ ಶಿರಾಜ್ ಎಂಬ ಕೆಂಪು ವೈನ್. ಕರಿಮೆಣಸಿಗೂ ಶಿರಾಜ್ ದ್ರಾಕ್ಷಿಗೂ ಮೆಣಸಿನ ಘಮವನ್ನು ಕೊಡುವುದು ರೊಟಂಡೋನ್ ಎಂಬ ಒಂದೇ ಸಂಯುಕ್ತವಾದ್ದರಿಂದ ಎರಡೂ ಸುಲಭವಾಗಿ ಬೆರೆಯುತ್ತವೆ. ಬಡಿಸುವ ಮುನ್ನ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಬಿಳಿ ವೈನೇ ಬೇಕೆಂದರೆ ತುಸು ಸಿಹಿಯಿರುವ ಶೆನಿನ್ ಬ್ಲಾಂಕ್ ಆದೀತು. ಅಂಗಡಿಗಳಲ್ಲಿ ಸಿಗುವ ಮನೆವೈನ್ ಬಹುಪಾಲು ಸಿಹಿಯಾಗಿರುತ್ತದೆ (ನನಗಂತೂ ಶರಬತ್ತೇ ಸರಿ), ಅದನ್ನು ಊಟವಾದ ಮೇಲೆ ಕುಡಿಯಬಹುದು.